ಚಳಿಗಾಲದ ರಾತ್ರಿ ರಸ್ತೆ: ನಮ್ಮ ಬ್ಯಾಗಿನಲ್ಲಿ ಟಾರ್ಚ್ ಇದ್ದರೆ ಸಾಕೆ, ಕಬ್ಬಿನ ಟ್ರೇಲರಿಗೆ ಲೈಟ್ ಬೇಡವೆ?

ನವೆಂಬರ್ ಬಂತೆಂದರೆ ಬಾಗಲಕೋಟೆಯಿಂದ ಕಲಾದಗಿ ದಾಟಿ ಲೋಕಾಪುರದ ಕಡೆ ರಾತ್ರಿ ಬೈಕ್ ಓಡಿಸುವವರಿಗೆ ಒಂದು ಹೆದರಿಕೆ ಶುರುವಾಗುತ್ತದೆ. ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆಯುತ್ತದೆ. ಅದು ದಾಟಿದ ಮೇಲೆ ಎರಡು ಸೆಕೆಂಡ್ ಏನೂ ಕಾಣುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಆ ಎರಡು ಸೆಕೆಂಡಿನಲ್ಲಿ ಬೈಕ್ 33 ಮೀಟರ್ ಮುಂದೆ ಹೋಗಿರುತ್ತದೆ. ಆ 33 ಮೀಟರ್ ಕತ್ತಲೊಳಗೇ ಕಬ್ಬು ಹೇರಿದ ಟ್ರೇಲರ್ ಇದ್ದರೆ? ಅದಕ್ಕೆ ಹಿಂದಿನ ಲೈಟ್ ಇಲ್ಲ. ರಿಫ್ಲೆಕ್ಟರ್ ಇದ್ದರೂ ಧೂಳು ಹಿಡಿದಿದೆ, ಇಲ್ಲವೇ ಹೊರಗೆ ಚಾಚಿದ ಕಬ್ಬು ಅದನ್ನು ಮುಚ್ಚಿದೆ.

ಇಂಟರ್‌ನೆಟ್‌ನಲ್ಲಿ 'ವಿಂಟರ್ ಡ್ರೈವಿಂಗ್ ಕಿಟ್' ಅಂತ ಹುಡುಕಿದರೆ ಹಿಮ ಕೆರೆಯುವ ಸಾಧನ, ಸಲಿಕೆ, ದಪ್ಪನೆಯ ಕಂಬಳಿ ಎಂಬ ಪಟ್ಟಿ ಸಿಗುತ್ತದೆ. ಅದು ಕೆನಡಾದವರಿಗೆ ಸರಿ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ನಮ್ಮ ಚಳಿಗಾಲಕ್ಕೂ ಅದರದೇ ಆದ ಅಪಾಯಗಳಿವೆ. ಕತ್ತಲು ಬೇಗ ಆಗುತ್ತದೆ. ನಸುಕಿನಲ್ಲಿ ಘಟಪ್ರಭೆಯ ದಂಡೆ, ಆಲಮಟ್ಟಿ ಹಿನ್ನೀರಿನ ಆಸುಪಾಸು ಮಂಜು ಕವಿಯುತ್ತದೆ. ಜನವರಿಯ ಹೊತ್ತಿಗೆ ಬನದ ಹುಣ್ಣಿಮೆ ಬರುತ್ತದೆ. ಬಾದಾಮಿ ಬನಶಂಕರಿ ಜಾತ್ರೆಗೆ ಜನ ನಡೆದುಕೊಂಡು, ಚಕ್ಕಡಿ ಹೂಡಿಕೊಂಡು ಹೊರಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕಬ್ಬು ನುರಿಸುವ ಹಂಗಾಮು ನಡೆಯುವುದೂ ಇದೇ ತಿಂಗಳುಗಳಲ್ಲಿ.

ಬ್ಯಾಗಿನಲ್ಲಿ ಏನಿರಬೇಕು?

ಮೊದಲು ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಕಾರಿನವರಾದರೆ: ಎಚ್ಚರಿಕೆಯ ಕೆಂಪು ತ್ರಿಕೋನ, ಚಾರ್ಜ್ ಆಗಿರುವ ಟಾರ್ಚ್, ಹೊಳೆಯುವ ಪಟ್ಟಿಯ ಜಾಕೆಟ್, ಗಾಳಿ ತುಂಬಿದ ಸ್ಟೆಪ್ನಿ, ಜಾಕ್, ಹಗ್ಗ, ಕುಡಿಯುವ ನೀರು, ಒಂದು ಚಾದರ, ಪವರ್ ಬ್ಯಾಂಕ್. ತ್ರಿಕೋನ ಕಾರಿನ ಜೊತೆಗೇ ಬಂದಿರುತ್ತದೆ, ಆದರೆ ಬಹಳ ಮಂದಿ ಅದನ್ನು ಕವರಿನಿಂದ ಹೊರಗೇ ತೆಗೆದಿರುವುದಿಲ್ಲ. ಗಾಡಿ ಕೆಟ್ಟರೆ ಅದನ್ನು ಡಿಕ್ಕಿಗೆ ಆನಿಸಿ ಇಟ್ಟು ಉಪಯೋಗವಿಲ್ಲ. ಐವತ್ತು ಹೆಜ್ಜೆಯಾದರೂ ಹಿಂದೆ ಹೋಗಿ ಇಡಬೇಕು. ಹಿಂದಿನಿಂದ ಬರುವವನಿಗೆ ಬ್ರೇಕ್ ಹಾಕಲು ಜಾಗ ಬೇಕಲ್ಲ?

ಆದರೆ ಇಂಥ ಪಟ್ಟಿಗಳೆಲ್ಲ ಕಾರಿದ್ದವರಿಗೆ ಬರೆದವು. ಕಾಲೇಜಿಗೆ, ಕೆಲಸಕ್ಕೆ, ಇಳಕಲ್ಲಿನ ಸಂತೆಗೆ, ಹುನಗುಂದದ ಕೋರ್ಟಿಗೆ ಹೋಗುವ ನಮ್ಮಲ್ಲಿ ಬಹುಪಾಲು ಜನ ಬೈಕಿನವರು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು. ಬೈಕಿನವರ ಕಿಟ್ ಚಿಕ್ಕದು: ಬಣ್ಣವಿಲ್ಲದ ಗಾಜಿನ ಹೆಲ್ಮೆಟ್, ತಲೆಗೆ ಕಟ್ಟುವ ಟಾರ್ಚ್, ಹೊಳೆಯುವ ಜಾಕೆಟ್, ರಕ್ತ ನಿಲ್ಲಿಸಲು ಒತ್ತಿ ಹಿಡಿಯುವಂಥ ಸ್ವಚ್ಛ ಬಟ್ಟೆ, ಪರ್ಸಿನಲ್ಲಿ ರಕ್ತದ ಗುಂಪು ಮತ್ತು ಮನೆಯವರ ನಂಬರ್ ಬರೆದ ಚೀಟಿ. ಫೋನಿಗೆ ಲಾಕ್ ಇರುತ್ತದೆ, ಚೀಟಿಗೆ ಇರುವುದಿಲ್ಲ.

ಕಿಟ್ ಇಲ್ಲದ ಗಾಡಿ ಯಾವುದು?

ಇಷ್ಟೆಲ್ಲ ಇಟ್ಟುಕೊಂಡರೂ, ಲೈಟಿಲ್ಲದೆ ಮುಂದೆ ನಿಂತ ಟ್ರೇಲರ್ ನಮ್ಮ ಟಾರ್ಚಿನಿಂದ ಕಾಣುವುದಿಲ್ಲ. ಟ್ರ್ಯಾಕ್ಟರ್ ನಡುರಸ್ತೆಯಲ್ಲಿ ಕೆಟ್ಟರೆ ಚಾಲಕ ಏನು ಮಾಡುತ್ತಾನೆ? ಸುತ್ತ ನಾಲ್ಕು ಕಲ್ಲು ಇಡುತ್ತಾನೆ, ಒಂದು ಗಿಡದ ಟೊಂಗೆ ಮುರಿದು ಸಿಗಿಸುತ್ತಾನೆ. ಅದೇ ಅವನ ಎಮರ್ಜೆನ್ಸಿ ಕಿಟ್. ರಿಪೇರಿಯಾದ ಮೇಲೆ ಟ್ರ್ಯಾಕ್ಟರ್ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಮುಂದಿನ ಬೈಕಿನವನಿಗೆ ಅದೇ ಕಂಟಕ.

ಚಾಲಕನನ್ನು ಬೈಯುವುದು ಸುಲಭ. ಆದರೆ ಅವನ ದುಡಿಮೆ ಟನ್ನಿನ ಲೆಕ್ಕದ್ದು. ಹೆಚ್ಚು ಹೇರಿದರೆ ಹೆಚ್ಚು ಕಾಸು. ಗ್ಯಾಂಗಿಗೆ ಮುಂಗಡ ಕೊಟ್ಟಿರಬೇಕು, ಟ್ರ್ಯಾಕ್ಟರಿನ ಕಂತು ಕಟ್ಟಬೇಕು, ಕಾರ್ಖಾನೆ ಮುಂದೆ ತಾಸುಗಟ್ಟಲೆ ಪಾಳಿ ಕಾಯಬೇಕು. "ನಿದ್ದಿ ಮಾಡಿದ್ರ ಟ್ರಿಪ್ ತಪ್ತದರಿ" ಎನ್ನುವವನಿಗೆ ಒಡೆದ ಟೇಲ್ ಲೈಟ್ ಕೊನೆಯ ಚಿಂತೆ.

ಕಾನೂನಿನಲ್ಲಿ ಕೊರತೆಯಿಲ್ಲ. ಟ್ರೇಲರ್ ಸೇರಿ ಪ್ರತಿ ವಾಹನದ ಹಿಂದೆ ಎರಡೂ ಬದಿಗೆ ಕೆಂಪು ರಿಫ್ಲೆಕ್ಟರ್ ಇರಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮಗಳ 104ನೇ ನಿಯಮ. ಮಿತಿ ಮೀರಿ ಹೇರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ₹20,000 ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ ₹2,000. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ಈ ಸೆಕ್ಷನ್ ಓಡಿಸುವವನಿಗೆ ಮಾತ್ರ ಅಲ್ಲ, ಓಡಿಸಲು ಬಿಡುವವನಿಗೂ ಅನ್ವಯಿಸುತ್ತದೆ.

ಎಲ್ಲ ಟ್ರೇಲರೂ ದಾಟುವ ಒಂದು ಗೇಟು

ಹಾಗಾದರೆ ತಡೆಯುವುದು ಎಲ್ಲಿ? ಪೊಲೀಸರು ಪ್ರತಿ ಹಳ್ಳಿಯ ದಾರಿಯಲ್ಲಿ ನಿಲ್ಲಲಾರರು. ಹಂಗಾಮಿನ ಶುರುವಿಗೆ ರಿಫ್ಲೆಕ್ಟರ್ ಅಂಟಿಸಿ ಫೋಟೊ ತೆಗೆಸಿಕೊಂಡರೆ ಮಾರ್ಚ್‌ವರೆಗೆ ಅದು ಉಳಿಯುವುದೂ ಇಲ್ಲ. ಆದರೆ ಜಿಲ್ಲೆಯಲ್ಲಿ ಓಡಾಡುವ ಪ್ರತಿ ಕಬ್ಬಿನ ಟ್ರೇಲರ್ ಒಂದು ಜಾಗದಲ್ಲಿ ನಿಲ್ಲಲೇಬೇಕು. ಅದು ಕಾರ್ಖಾನೆಯ ತೂಕದ ಕಟ್ಟೆ. ಅಲ್ಲಿ ಗಾಡಿಯ ನಂಬರ್, ತೂಕ, ದಿನ, ಸಮಯ ಎಲ್ಲ ದಾಖಲಾಗುತ್ತದೆ. ಅಂದರೆ ಯಾವ ಗಾಡಿ ಎಷ್ಟು ಹೇರಿಕೊಂಡು ಬಂತು ಎಂಬ ಪುರಾವೆ ಕಾರ್ಖಾನೆಯ ಕಂಪ್ಯೂಟರಿನಲ್ಲೇ ಇದೆ. 'ಟೇಲ್ ಲೈಟ್, ರಿಫ್ಲೆಕ್ಟರ್ ಇಲ್ಲದ ಗಾಡಿಗೆ ಮುಂದಿನ ಟ್ರಿಪ್ಪಿನ ಟೋಕನ್ ಇಲ್ಲ' ಎಂಬ ಒಂದೇ ನಿಯಮ ಗೇಟಿನಲ್ಲಿ ಜಾರಿಯಾದರೆ, ಒಂದು ವಾರದಲ್ಲಿ ರಸ್ತೆಯ ಚಿತ್ರವೇ ಬದಲಾಗುತ್ತದೆ.

ದುಡ್ಡು ಯಾರದು? ಕಟಾವು ಮತ್ತು ಸಾಗಣೆ ವೆಚ್ಚವನ್ನು ಕಾರ್ಖಾನೆಗಳು ರೈತನ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತವೆ. ಸಾಗಣೆಗೆ ರೈತ ಈಗಾಗಲೇ ಹಣ ಕೊಟ್ಟಿದ್ದಾನೆ. ಆ ಲೆಕ್ಕದೊಳಗೆ ಒಂದು ಲೈಟು, ಒಂದು ತ್ರಿಕೋನ, ಎರಡು ಮಾರು ರಿಫ್ಲೆಕ್ಟರ್ ಪಟ್ಟಿ ಏಕಿಲ್ಲ ಎಂದು ಕೇಳುವ ಹಕ್ಕು ಅವನಿಗಿದೆ. ಈ ಭಾರವನ್ನು ಮತ್ತೆ ರೈತನ ಅಥವಾ ಚಾಲಕನ ಮೇಲೆ ಹೊರಿಸಬಾರದು, ಕಾರ್ಖಾನೆ ಹೊರಬೇಕು.

2025ರ ನವೆಂಬರಿನಲ್ಲಿ ಟನ್ನಿಗೆ ₹3,500 ಬೇಕೆಂದು ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಕೂತರು. ₹3,300ಕ್ಕೆ ಒಪ್ಪಂದವಾಯಿತು. ಮುಧೋಳ ಭಾಗದಲ್ಲಿ ಹೋರಾಟ ಮುಂದುವರಿದು, ಸಮೀರವಾಡಿ ಬಳಿ ಕಬ್ಬು ತುಂಬಿದ ಟ್ರೇಲರುಗಳಿಗೆ ಬೆಂಕಿ ಬಿತ್ತು. ಆ ಬೆಂಕಿ ಎಲ್ಲ ಟಿವಿಗಳಲ್ಲೂ ಕಾಣಿಸಿತು. ಕತ್ತಲಲ್ಲಿ ನಿಂತ ಟ್ರೇಲರಿಗೆ ಬೈಕ್ ಗುದ್ದಿ ಸತ್ತವನ ಸುದ್ದಿ ಒಳಪುಟದ ನಾಲ್ಕು ಸಾಲು. ದರದ ಮಾತುಕತೆಯ ಮೇಜಿನ ಮೇಲೆ ಈ ಸಾವುಗಳೂ ಬರಬೇಕು. ಸಾಯುವವರು ಹೊರಗಿನವರಲ್ಲ, ಅದೇ ರೈತರ ಮಕ್ಕಳು.

ಅಪಘಾತ ಆಗೇಬಿಟ್ಟರೆ

ನಿಂತು ನೋಡಿ ಹೋಗಬೇಡಿ. "ಪೊಲೀಸ್ ಕೇಸು ಯಾರಿಗೆ ಬೇಕು" ಎಂಬ ಅಂಜಿಕೆಗೆ ಈಗ ಆಧಾರವಿಲ್ಲ. 2019ರ ತಿದ್ದುಪಡಿಯಿಂದ ಬಂದ 134ಎ ಸೆಕ್ಷನ್ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಿ ಎಂದು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಡಿ ಗಾಯಾಳುವಿಗೆ ಏಳು ದಿನದವರೆಗೆ ₹1.5 ಲಕ್ಷದಷ್ಟು ನಗದುರಹಿತ ಚಿಕಿತ್ಸೆ ಸಿಗಬೇಕು. 108 ಅಥವಾ 112ಕ್ಕೆ ಫೋನ್ ಮಾಡಿ, ರಕ್ತ ಬರುವಲ್ಲಿ ಬಟ್ಟೆ ಒತ್ತಿ ಹಿಡಿಯಿರಿ, ಚಾದರ ಹೊದಿಸಿ. ಬಿದ್ದವನ ಕುತ್ತಿಗೆ ಅಲುಗಾಡಿಸಬೇಡಿ. ಈ ಹಕ್ಕುಗಳು ತಿಳಿದಿರುವುದೂ ಕಿಟ್‌ನ ಭಾಗವೇ.

ಪ್ರತಿ ಜನವರಿಯಲ್ಲಿ ಸರ್ಕಾರ ರಸ್ತೆ ಸುರಕ್ಷತಾ ಮಾಸ ಆಚರಿಸುತ್ತದೆ. ಕಾಲೇಜಿನಲ್ಲಿ ಪ್ರತಿಜ್ಞೆ, ಹೆಲ್ಮೆಟ್ ಜಾಥಾ ನಡೆಯುತ್ತವೆ. ಕಬ್ಬಿನ ಗಾಡಿಗಳು ಅತಿ ಹೆಚ್ಚು ಓಡಾಡುವ ದಿನಗಳೂ ಅವೇ. ಈ ಸಲ ಪ್ರತಿಜ್ಞೆಗೆ ಕೈ ಎತ್ತುವಾಗ ಒಂದು ಪ್ರಶ್ನೆಯನ್ನೂ ಎತ್ತೋಣ. ಜಿಲ್ಲಾಧಿಕಾರಿ ನೇತೃತ್ವದ ರಸ್ತೆ ಸುರಕ್ಷತಾ ಸಮಿತಿಗೆ ಲಿಖಿತವಾಗಿ ಕೇಳೋಣ: ತೂಕದ ಕಟ್ಟೆಯ ದಾಖಲೆ ಆಧರಿಸಿ ಯಾವ ಕಾರ್ಖಾನೆಗೆ ಎಷ್ಟು ದಂಡ ಹಾಕಿದ್ದೀರಿ? ಉತ್ತರ ಬರುವವರೆಗೆ ಟಾರ್ಚ್ ಚಾರ್ಜ್ ಮಾಡಿ ಬ್ಯಾಗಿನಲ್ಲಿಡಿ. ದಾರಿಯಲ್ಲಿ ಯಾರೋ ಬಿಟ್ಟುಹೋದ ಕಲ್ಲು ಕಂಡರೆ, ಗಾಡಿ ಬದಿಗೆ ಹಾಕಿ, ಹಿಂದೆ ಮುಂದೆ ನೋಡಿ, ಅದನ್ನು ಎತ್ತಿ ಪಕ್ಕಕ್ಕಿಡಿ.