ಕಟ್ ಎಂಬ ಪದವೂ ನಮ್ಮ ಕತ್ತರಿಯೂ

ಕೆಲವು ವರ್ಷಗಳ ಕೆಳಗೆ, ಹೊಲಿಗೆಯ ತರಗತಿಯಲ್ಲಿ ಬಾಲಿಕೆಯೊಬ್ಬಳು ಕತ್ತರಿಯನ್ನು ಎತ್ತಿ ಹಿಡಿದು, “ಟೀಚರ್, ಇಂಗ್ಲಿಷಿನ ಕಟ್ ಎಂಬುದು ನಮ್ಮ ಕತ್ತರಿಯಿಂದಲೇ ಹುಟ್ಟಿತಲ್ಲವೇ?” ಎಂದು ಕೇಳಿದಳು. ನಾನು ಯೋಚಿಸದೆ “ಹೌದಮ್ಮಾ” ಎಂದುಬಿಟ್ಟೆನು. ತರಗತಿಯೆಲ್ಲವೂ ಹಿಗ್ಗಿತು. ಸಂಜೆ ನಿಘಂಟನ್ನು ತೆರೆದಾಗ ನನ್ನ ಉತ್ತರವು ತಪ್ಪೆಂದು ತಿಳಿಯಿತು.

ಕಟ್ ಎಂಬುದು ಇಂಗ್ಲಿಷಿನಲ್ಲಿ ಅತಿ ಪುರಾತನವಾದ ಮಾತಲ್ಲ. ಬರಹದಲ್ಲಿ ಅದು ಕಾಣಿಸಿಕೊಂಡುದು ಸುಮಾರು 1300ರ ಹೊತ್ತಿಗೆ. ಸ್ಕಾಂಡಿನೇವಿಯದ ಭಾಷೆಗಳಿಂದ ಬಂದಿರಬೇಕೆಂದು ವಿದ್ವಾಂಸರು ಊಹಿಸುವರೇ ಹೊರತು, ಮೂಲವು ನಿಶ್ಚಯವಾಗಿಲ್ಲ. ಅದಕ್ಕೆ ಮೊದಲು ಆ ಕೆಲಸವನ್ನು ಕಾರ್ವ್ ಎಂಬ ಪದದ ಹಳೆಯ ರೂಪವು ಮಾಡುತ್ತಿತ್ತು. ಹೊಸ ಮಾತು ಮನೆಹೊಕ್ಕ ಮೇಲೆ ಹಳೆಯದು ಮರಕಲ್ಲುಗಳ ಕೆತ್ತನೆಗೂ ಬೇಯಿಸಿದ ಮಾಂಸವನ್ನು ಹೋಳುಮಾಡುವುದಕ್ಕೂ ಸರಿದು ನಿಂತಿತು. ಈಗಲಾದರೋ ಬಟ್ಟೆಗೂ ಕಟ್, ಸಂಬಳಕ್ಕೂ ಕಟ್, ವಿದ್ಯುತ್ತಿಗೂ ಕಟ್!

ಹಾಗಾದರೆ ಕತ್ತರಿಗೆ ಇಂಗ್ಲಿಷಿನಲ್ಲಿ ನೆಂಟರೇ ಇಲ್ಲವೇ? ಉಂಟು. ಕತ್ತರಿಯು ಸಂಸ್ಕೃತದ ಕರ್ತರಿಯ ತದ್ಭವ. ಕತ್ತರಿಸುವುದೆಂಬ ಅರ್ಥದ ಅದೇ ಪ್ರಾಚೀನ ಧಾತುವಿನಿಂದ ಕುರಿಯ ಉಣ್ಣೆ ತೆಗೆಯುವ ಷಿಯರ್, ಗಿಡ್ಡವೆಂಬ ಷಾರ್ಟ್, ತೊಡುವ ಷರ್ಟ್ ಮತ್ತು ಸ್ಕರ್ಟ್ ಇವೆಲ್ಲವೂ ಹುಟ್ಟಿವೆ. ಹಳೆಯ ‘ಸ್ಕ’ ಧ್ವನಿಯು ಇಂಗ್ಲಿಷರ ಬಾಯಲ್ಲಿ ‘ಷ’ ಆಯಿತು. ಸ್ಕಾಂಡಿನೇವಿಯದವರಲ್ಲಿ ಹಾಗೆಯೇ ಉಳಿಯಿತು. ಆದುದರಿಂದ ಷರ್ಟೂ ಸ್ಕರ್ಟೂ ಒಂದೇ ಪದದ ಎರಡು ವೇಷಗಳು. ದನಿಯಲ್ಲಿ ಹೋಲುವುದು ಬಂಧುವೆಂದು ಹೇಳಲಾಗದು, ಹೋಲದಿರುವುದು ಒಡಹುಟ್ಟಾಗಿರಬಹುದು.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆನು. ನಾಚಿಕೆಯಾದುದು ನಿಜ. ಆದರೆ ಆ ಬಾಲಿಕೆಯೇ ತನ್ನ ಸ್ಕರ್ಟಿನ ಅಂಚನ್ನು ಹಿಡಿದು, “ಹಾಗಾದರೆ ಇದು ಕತ್ತರಿಯ ನೆಂಟನೇ!” ಎಂದು ನಕ್ಕಳು. ಆ ಪಾಠವನ್ನು ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಪದವನ್ನೂ ಅರ್ಥವನ್ನೂ ಉರುಹಚ್ಚಿಸುವುದೇ ಭಾಷಾಬೋಧನೆಯೆಂದು ನಾವು ಬಹುಕಾಲ ನಂಬಿದ್ದೇವೆ. ಪದಗಳ ಕುಲವನ್ನು ಶೋಧಿಸಲು ಕಲಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಫರ್ಡಿನಂಡ್ ಕಿಟ್ಟೆಲರು ವರ್ಷಾನುಗಟ್ಟಲೆ ಶ್ರಮಿಸಿ ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅಂಥ ಗ್ರಂಥಗಳು ಕಪಾಟಿನ ಅಲಂಕಾರಕ್ಕಾಗಿ ಹುಟ್ಟಿದವುಗಳಲ್ಲ. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನನ್ನ ಬಿನ್ನಹವಿಷ್ಟೇ: ಮಗಳು ಒಂದು ಪದದ ಹುಟ್ಟನ್ನು ಕೇಳಿದರೆ ನನ್ನಂತೆ ಅವಸರದಿಂದ “ಹೌದಮ್ಮಾ” ಎನ್ನಬೇಡಿರಿ. “ಬಾ, ನೋಡೋಣ” ಎಂದು ನಿಘಂಟನ್ನು ಇಬ್ಬರೂ ಕೂಡಿ ತೆರೆಯಿರಿ.