ಕರುಣೆಯಲ್ಲ, ಬಾಕಿ ಕೂಲಿ

ಪೆರ್ಲದ ಕಡೆಯ ಒಂದು ಮದುವೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದಾಗ, ಪ್ರಯೋಗಾಲಯದಿಂದ ಬಿಡುಗಡೆಯಾದ ಚಿಂಪಾಂಜಿಗಳಿಗೆ ಅಮೆರಿಕದಲ್ಲಿ ವಿಶ್ರಾಂತಿಧಾಮ ಉಂಟೆಂಬ ಸಂಗತಿ ನನ್ನ ಬಾಯಿಂದ ಬಂತು. ಬಳಿಯಲ್ಲಿದ್ದ ಸೋದರಮಾವ ಎಲೆಯಡಿಕೆಯ ಬಾಯಲ್ಲೇ ನಕ್ಕರು. "ನಮ್ಮ ತೋಟದ ಸೀಯಾಳವೆಲ್ಲ ಮಂಗಗಳ ಪಾಲು. ಇವನು ಮಂಗಗಳಿಗೆ ಪಿಂಚಣಿ ಕೊಡಿಸಲು ಹೊರಟಿದ್ದಾನೆ ಮಾರಾಯ್ರೇ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಅಷ್ಟರಲ್ಲಿ ಎಲೆ ಹಾಕಿಯಾಗಿತ್ತು. ಅಂದು ಹೇಳದೆ ಉಳಿದ ಉತ್ತರ ಇದು.

ಪಿಂಚಣಿ ಎಂದು ಮಾವ ಹಾಸ್ಯಕ್ಕೆ ಹೇಳಿದರು. ಆದರೆ ಸರಿಯಾದ ಮಾತು ಅದೇ. ನನ್ನ ತಕರಾರು ಇರುವುದು ಇಂಥ ಸುದ್ದಿಗಳ ತಲೆಯ ಮೇಲೆ ಪತ್ರಿಕೆಗಳು ಅಚ್ಚುಹಾಕುವ "ಕರುಣೆ" ಎಂಬ ಪದದ ಮೇಲೆ. ಕರುಣೆ ಕೊಡುವವನ ಇಷ್ಟ. ಇಂದು ಉಂಟು, ನಾಳೆ ಇಲ್ಲ. ದುಡಿಸಿಕೊಂಡವನು ಕೊಡಬೇಕಾದ ಕೂಲಿ ಹಾಗಲ್ಲ.

ಲೈಬೀರಿಯಾದ ಕತೆ ನೋಡಿ. ಪಶ್ಚಿಮ ಆಫ್ರಿಕದ ಆ ಪುಟ್ಟ ದೇಶದಲ್ಲಿ ನ್ಯೂಯಾರ್ಕ್ ಬ್ಲಡ್ ಸೆಂಟರ್ ಎಂಬ ಸಂಸ್ಥೆ 1974ರಲ್ಲಿ ಸಂಶೋಧನೆ ಆರಂಭಿಸಿತು. ಚಿಂಪಾಂಜಿಗಳ ಮೈಗೆ ಕಾಮಾಲೆಯ ವೈರಸ್ ಹೊಗಿಸಿ, ಹೆಪಟೈಟಿಸ್ ಲಸಿಕೆಯನ್ನೂ ರಕ್ತ ಶುದ್ಧಿಯ ವಿಧಾನವನ್ನೂ ಪರೀಕ್ಷಿಸಿತು. ಮತ್ತೆ ಮತ್ತೆ ಅರಿವಳಿಕೆ, ಮತ್ತೆ ಮತ್ತೆ ಪಿತ್ತಜನಕಾಂಗದ ಚೂರು ತೆಗೆಯುವುದು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿಗೆ ಹೆಪಟೈಟಿಸ್ ಬಿ ಚುಚ್ಚುಮದ್ದು ಕೊಡುತ್ತಾರಲ್ಲ, ಅದರ ಹಿಂದಿನ ತಿಳಿವಳಿಕೆಯಲ್ಲಿ ಚಿಂಪಾಂಜಿಗಳ ಪಾಲು ಇದೆ. ಪ್ರಯೋಗವೇ ತಪ್ಪೋ ಸರಿಯೋ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ನನ್ನ ಮೊಮ್ಮಗುವಿಗೂ ಆ ಚುಚ್ಚುಮದ್ದು ಹಾಕಿಸಿದ್ದೇನೆ. ಹಾಕಿಸಿದ್ದರಿಂದಲೇ ಈ ಲೆಕ್ಕ ಕೇಳುವ ಹೊಣೆ ನನ್ನದೂ ಹೌದು.

ಕೆಲಸ ಮುಗಿಯಿತು. 2005ರ ಸುಮಾರಿಗೆ ಆ ಚಿಂಪಾಂಜಿಗಳನ್ನು ನದೀಮುಖದ ಕುದ್ರುಗಳಿಗೆ ಬಿಟ್ಟರು. ಅಲ್ಲಿ ಹೊಟ್ಟೆ ತುಂಬುವಷ್ಟು ಹಣ್ಣಿಲ್ಲ, ಕುಡಿಯಲು ಸಿಹಿನೀರಿಲ್ಲ, ಚಿಂಪಾಂಜಿಗೆ ಈಜು ಬಾರದು. ದೋಣಿಯಲ್ಲಿ ಊಟ ಬಂದರೆ ಬದುಕು. 2015ರ ಮಾರ್ಚ್‌ನಲ್ಲಿ, ಎಬೋಲಾದಿಂದ ದೇಶ ಇನ್ನೂ ಚೇತರಿಸಿಕೊಳ್ಳದಿದ್ದಾಗ, ಸಂಸ್ಥೆ ಹಣ ನಿಲ್ಲಿಸಿತು. ತಮಗೆ ಕಾನೂನಿನ ಹೊಣೆಯಿಲ್ಲ, ಪ್ರಾಣಿಗಳು ಲೈಬೀರಿಯಾ ಸರಕಾರದವು ಎಂಬುದು ಅವರ ವಾದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಅರುವತ್ತಕ್ಕೂ ಮಿಕ್ಕಿದ ಆ ಜೀವಗಳನ್ನು ಉಳಿಸಿದವರು ಕೈಗೆ ಸಂಬಳವಿಲ್ಲದೆಯೂ ದೋಣಿ ಹೂಡಿದ ಅಲ್ಲಿನ ಬಡ ಕೆಲಸಗಾರರು, ಆಮೇಲೆ ಪ್ರಾಣಿದಯಾ ಸಂಘಗಳು. ಲೋಕವೆಲ್ಲ ಬೈದ ಮೇಲೆ, 2017ರ ಮೇಯಲ್ಲಿ, ಸಂಸ್ಥೆ 60 ಲಕ್ಷ ಡಾಲರ್ ಕೊಡಲು ಒಪ್ಪಿತು. ಕರುಣೆ ಬಂದು ಒಪ್ಪಿದ್ದೆಂದು ಯಾರಾದರೂ ನಂಬುತ್ತೀರಾ?

ಕಾನೂನಿದ್ದರೆ ಸಾಕೇ? ಅಮೆರಿಕದಲ್ಲಿ 2000ದ ಡಿಸೆಂಬರದಲ್ಲೇ ಕಾನೂನು ಬಂತು. ಸರಕಾರದ ಪ್ರಯೋಗಗಳಿಗೆ ಬೇಡವಾದ ಚಿಂಪಾಂಜಿಗಳಿಗಾಗಿ ಲೂಸಿಯಾನಾದ ಕಾಡಿನ ನಡುವೆ ಚಿಂಪ್ ಹೇವನ್ ಎಂಬ 200 ಎಕರೆಯ ಧಾಮ ಸಿದ್ಧವಾಯಿತು. 2015ರಲ್ಲಿ ಸರಕಾರ ತನ್ನ ಎಲ್ಲ ಚಿಂಪಾಂಜಿಗಳಿಗೂ ನಿವೃತ್ತಿ ಘೋಷಿಸಿತು. ಆದರೂ 2019ರಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೋದಲ್ಲಿದ್ದ 44 ಚಿಂಪಾಂಜಿಗಳು ಪ್ರಯಾಣಕ್ಕೆ ತೀರ ದುರ್ಬಲ, ಅಲ್ಲೇ ಇರಲಿ ಎಂದಿತು. ದುರ್ಬಲಗೊಳಿಸಿದ್ದು ಯಾರು ಸ್ವಾಮಿ? ಅದು ಕಾನೂನಿಗೆ ವಿರುದ್ಧವೆಂದು ನ್ಯಾಯಾಲಯ ಹೇಳಿದ್ದು 2022ರ ಡಿಸೆಂಬರದಲ್ಲಿ. ಮುದಿಜೀವಕ್ಕೆ ಮೂರು ವರ್ಷವೆಂದರೆ ಸಣ್ಣ ಕಾಲವೇ?

ನಮ್ಮ ದೇಶದ ನಿಯಮವೂ ಪ್ರಯೋಗದ ನಂತರದ ಆರೈಕೆ, ಪುನರ್ವಸತಿಯ ಖರ್ಚು ಸಂಶೋಧನೆಯ ಖರ್ಚಿನಲ್ಲೇ ಸೇರಬೇಕೆನ್ನುತ್ತದೆ. ಒಳ್ಳೆಯ ನಿಯಮ. ಬೆಂಗಳೂರಿನಲ್ಲಿ ಔಷಧ ಪರೀಕ್ಷೆಯಿಂದ ಬಿಡುಗಡೆಯಾದ ಬೀಗಲ್ ನಾಯಿಗಳನ್ನು ಸಾಕಲು ಮನೆಮನೆಯವರು ಮುಂದೆ ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ಮನೆಯವರ ಒಳ್ಳೆಯತನದ ಮರೆಯಲ್ಲಿ ಕಂಪೆನಿಗಳ ಬಾಕಿ ಅಡಗಬಾರದು.

ಮಾವಾ, ನೀವು "ಮನುಷ್ಯರಿಗೇ ಇಲ್ಲ, ಮಂಗಗಳಿಗೆ ಯಾಕೆ" ಎನ್ನುತ್ತೀರಿ. ನೀವು ಕೂತು ನಗುತ್ತಿದ್ದ ಆ ಮದುವೆ ಚಪ್ಪರದಿಂದ ಪಡ್ರೆ, ಸ್ವರ್ಗ ಎಷ್ಟು ದೂರ? ಅಲ್ಲಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಕೆಳಗಿದ್ದವರನ್ನು ಯಾರೂ ಕೇಳಲಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದಿತು. ಐದು ವರ್ಷ ಕಳೆದು, 2022ರ ಮೇಯಲ್ಲಿ ನೋಡಿದರೆ 3,704 ಮಂದಿಯಲ್ಲಿ ಕೈಗೆ ಹಣ ಬಂದದ್ದು 8 ಮಂದಿಗೆ; ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ. ಛೀಮಾರಿ ಬಿದ್ದ ಮೇಲೆಯೇ ಉಳಿದವರ ಕಡತ ಅಲುಗಿತು. ನಮ್ಮವರಿಗೆ ಅರ್ಜಿ ಹಾಕಲು ಎರಡು ಭಾಷೆಗಳಾದರೂ ಇದ್ದವು.

ಈ ಸಂಚಿಕೆ ನಿಮ್ಮ ಮನೆಗೆ ತಲಪುತ್ತದೆ, ಮಾವಾ. ಓದಿ, ಸೀಯಾಳ ಕುಡಿಯಲು ಕರೆಯಿರಿ, ಮಂಗ ಬಿಟ್ಟದ್ದು ಏನಾದರೂ ಉಳಿದಿದ್ದರೆ.