ಕೇಪಳದ ಕುಲ, ಕಾಫಿಯ ನೆಂಟಸ್ತಿಕೆ

ಈಚೆಗೆ ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾಗ, ಕಾಂಪೌಂಡ್ ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟಿದ್ದ ಗಿಡಗಳನ್ನು ಸೊಸೆ ತೋರಿಸಿದಳು. "ಮಾವ, ಇದು ಇಕ್ಸೋರಾ ಅಂತೆ. ನರ್ಸರಿಯಿಂದ ತಂದು ವರ್ಷವಾಯಿತು. ಎಲೆಯೆಲ್ಲ ಹಳದಿಯಾಗುತ್ತಿದೆ, ಹೂವೇ ಇಲ್ಲ. ಒಮ್ಮೆ ನೋಡಿ" ಎಂದಳು. ನೋಡಿದರೆ ನಮ್ಮ ಕೇಪಳದ ಬಳಗವೇ! ಊರಿನ ಗುಡ್ಡದಲ್ಲಿ, ಮುರಕಲ್ಲಿನ ಸಂದಿಯಲ್ಲಿ, ಯಾರ ಆರೈಕೆಯೂ ಇಲ್ಲದೆ ಕೆಂಪಗೆ ಅರಳುವ ಗಿಡದ ದಾಯಾದಿ ಇಲ್ಲಿ ಸೊರಗಿ ನಿಂತಿತ್ತು. ಅದನ್ನು ನೋಡುತ್ತಿದ್ದಂತೆ, ಸುಮಾರು ೩೦ ವರ್ಷಗಳ ಹಿಂದೆ ನಾನು ಮಾಡಿದ ತಪ್ಪೊಂದು ನೆನಪಾಯಿತು.

ಒಂಬತ್ತನೆಯ ತರಗತಿಗೆ ಸಸ್ಯಗಳ ವರ್ಗೀಕರಣವನ್ನು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಕೇಪಳವೂ ಕಾಫಿಯೂ ಸಂಬಂಧವಾ? ಎರಡರಲ್ಲೂ ಎಲೆ ಎದುರುಬದುರು, ಹಣ್ಣಿನೊಳಗೆ ಎರಡೆರಡು ಬೀಜ" ಎಂದು ಕೇಳಿದ. ರಜೆಯಲ್ಲಿ ಕೊಡಗಿನ ನೆಂಟರ ತೋಟಕ್ಕೆ ಹೋಗಿ ಬಂದಿದ್ದನಂತೆ. ನಾನು, "ಹಾಗಾದರೆ ನಾಳೆ ಕೇಪಳದ ಕಾಫಿ ಮಾಡಿಕೊಂಡು ಬಾ" ಎಂದುಬಿಟ್ಟೆ. ಇಡೀ ತರಗತಿ ನಕ್ಕಿತು. ಕುಳಿತ ಹುಡುಗ ಆ ವರ್ಷವಿಡೀ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಅವನು ಹೇಳಿದ್ದೇ ಸರಿ ಎಂಬುದು ಬಹಳ ವರ್ಷಗಳ ನಂತರ ಸಸ್ಯಶಾಸ್ತ್ರದ ಪುಸ್ತಕವೊಂದನ್ನು ತಿರುವಿದಾಗ ತಿಳಿಯಿತು. ಕಾಫಿ, ಕೇಪಳ ಎರಡೂ ರೂಬಿಯೇಸಿ ಕುಟುಂಬಕ್ಕೆ ಸೇರಿದವು. ಎದುರುಬದುರಾದ ಎಲೆಗಳು, ಆ ಎಲೆಜೋಡಿಯ ನಡುವೆ ಕಾಂಡಕ್ಕೆ ಅಂಟಿಕೊಂಡ ಪುಟ್ಟ ಚೂಪು ಪರೆ, ಹಣ್ಣಿನ ತುದಿಯಲ್ಲಿ ಹೂವು ಇದ್ದುದರ ಗುರುತು, ಇವು ಈ ಮನೆತನದ ಚಹರೆಗಳು. ಪುಸ್ತಕವಿಲ್ಲದೆ, ಬರಿಗಣ್ಣಿನಿಂದಲೇ ಆ ಹುಡುಗ ಇದರ ಅರ್ಧವನ್ನು ಕಂಡುಕೊಂಡಿದ್ದ. ಬಿ.ಎಡ್. ಮಾಡಿದ ನಾನು ಕಂಡಿರಲಿಲ್ಲ.

ವರ್ಗೀಕರಣವೆಂದರೆ ಉರುಹೊಡೆಯುವ ಲ್ಯಾಟಿನ್ ಹೆಸರುಗಳ ಪಟ್ಟಿಯಲ್ಲ, ನೆಂಟಸ್ತಿಕೆಯನ್ನು ಹುಡುಕುವ ವಿದ್ಯೆ ಎಂಬುದು ಇಂದು ನನ್ನ ದೃಢವಾದ ಅಭಿಪ್ರಾಯ. ಸೀತಾ ಅಶೋಕದ ಗೊಂಚಲು ದೂರದಿಂದ ಕೇಪಳದಂತೆಯೇ ಕಾಣುತ್ತದೆ. ಆದರೆ ಅದರ ಹೂವಿಗೆ ದಳಗಳೇ ಇಲ್ಲ. ಬಣ್ಣ ಬಂದಿರುವುದು ಪುಷ್ಪಪತ್ರಗಳಿಗೆ. ಕೋಡು ಬಿಡುವ ಆ ಮರ ಹುಣಸೆಯ ಬಳಗ. ಕೇಪಳವನ್ನು ಕೆಲವೆಡೆ ಗುಡ್ಡೆದಾಸವಾಳ ಎನ್ನುತ್ತಾರಾದರೂ ದಾಸವಾಳಕ್ಕೂ ಅದಕ್ಕೂ ನಂಟಿಲ್ಲ. ರೂಪ ಹೋಲಿದ ಮಾತ್ರಕ್ಕೆ ಸಂಬಂಧಿಕರಲ್ಲ. ರೂಪ ಬೇರೆಯಾದ ಮಾತ್ರಕ್ಕೆ ಪರಕೀಯರೂ ಅಲ್ಲ.

ಹಾಗೆಂದು ಊರಿನ ಹೆಸರುಗಳನ್ನು ಕೀಳಾಗಿ ಕಾಣಬಾರದು. ಕಿಸುಕಾರೆ ಎಂಬ ಇನ್ನೊಂದು ಹೆಸರನ್ನೇ ನೋಡಿ. ಹಳಗನ್ನಡದಲ್ಲಿ ಕಿಸು ಎಂದರೆ ಕೆಂಪು. ಪಟ್ಟದಕಲ್ಲು ಹಿಂದೆ ಕಿಸುವೊಳಲು ಆಗಿದ್ದುದು ನಿಮಗೆ ನೆನಪಿರಬಹುದು. ೧೭೫೩ರಲ್ಲಿ ಲಿನ್ನೇಯಸ್ ಇಟ್ಟ ಹೆಸರು ಇಕ್ಸೋರಾ ಕಾಕ್ಸಿನಿಯ. ಕಾಕ್ಸಿನಿಯ ಎಂದರೂ ಕಡುಗೆಂಪೇ. ಇಕ್ಸೋರಾ ಎಂಬುದು ನಮ್ಮ 'ಈಶ್ವರ' ಪದವು ಪೋರ್ಚುಗೀಸರ ನಾಲಗೆಯಲ್ಲಿ ತಿರುಚಿಕೊಂಡ ರೂಪ. ಅದಕ್ಕೂ ಮೊದಲೇ, ೧೬೭೮ರಿಂದ ೧೬೯೩ರವರೆಗೆ ೧೨ ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಗಿಡ ಮಲೆಯಾಳದ 'ಚೆತ್ತಿ' ಎಂಬ ಹೆಸರಿನಲ್ಲಿ ಸೇರಿತ್ತು. ಆ ಗ್ರಂಥಕ್ಕೆ ಅರಿವನ್ನು ಧಾರೆಯೆರೆದವರಲ್ಲಿ ಪ್ರಮುಖ ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯ. ಇಂದು ೫೦೦ಕ್ಕೂ ಮಿಕ್ಕಿದ ಪ್ರಭೇದಗಳಿರುವ ಈ ಕುಲದ ಅಧ್ಯಯನಕ್ಕೆ ನಮ್ಮ ಕರಾವಳಿಯ ಜನರ ಕಣ್ಣೂ ದಾರಿ ತೋರಿಸಿದೆ.

ಸೊಸೆಯ ಗಿಡಕ್ಕೆ ಬರುತ್ತೇನೆ. ಎಲೆ ಹಳದಿ, ನರ ಮಾತ್ರ ಹಸಿರು. ಇದು ಕಬ್ಬಿಣದ ಕೊರತೆ. ಕೇಪಳ ಹುಳಿ ಮಣ್ಣಿನ ಗಿಡ. ಮುರಕಲ್ಲಿನ ಮಣ್ಣು ಅಂಥದ್ದು. ಸಿಮೆಂಟು ಗೋಡೆಯಿಂದ ಇಳಿಯುವ ಸುಣ್ಣ, ಬೋರ್‌ವೆಲ್ಲಿನ ಗಡಸು ನೀರು ಸೇರಿ ಮಣ್ಣು ಕ್ಷಾರವಾದಾಗ, ಕಬ್ಬಿಣವಿದ್ದರೂ ಬೇರು ಅದನ್ನು ಹೀರಲಾರದು. ಗಿಡಗಳನ್ನು ಗೋಡೆಯಿಂದ ಎರಡಡಿ ಈಚೆಗೆ ತಂದೆವು. ಕೊಳೆತ ತರಗೆಲೆಯ ಗೊಬ್ಬರ ಹಾಕಿದೆವು. ಮಳೆನೀರು ಹಿಡಿದಿಟ್ಟು ಉಣಿಸಲು ಹೇಳಿದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಾದ್ದರಿಂದ, ಒಂದು ಸುತ್ತು ಹೂ ಮುಗಿದೊಡನೆ ಹಗುರವಾಗಿ ಸವರಬೇಕು. ವಾರಕ್ಕೊಮ್ಮೆ ಕತ್ತರಿ ಹಾಕಿ ಗೋಡೆಯಂತೆ ನಿಲ್ಲಿಸಿದರೆ ಹೂವೆಲ್ಲಿಂದ ಬಂದೀತು? ಮಕ್ಕಳೂ ಹಾಗೆಯೇ ಎಂಬುದನ್ನು ನಾನು ತಡವಾಗಿ ಕಲಿತೆ.

ನರ್ಸರಿಯ ಗಿಡ್ಡ ತಳಿಗಳ ಮೇಲೆ ನನಗೆ ಮುನಿಸಿಲ್ಲ. ಆದರೆ ಊರಿನಲ್ಲಿ ಜೆಸಿಬಿ ತಂದು ಗುಡ್ಡ ತಟ್ಟು ಮಾಡಿ, ಇದ್ದ ಕೇಪಳವನ್ನು ಬುಡಮೇಲು ಮಾಡಿ, ಅದೇ ಜಾಗದಲ್ಲಿ ಹಣ ಕೊಟ್ಟು ತಂದ ಇಕ್ಸೋರಾ ನೆಡುವುದನ್ನು ಕಂಡಾಗ ಬೇಸರವಾಗುತ್ತದೆ. ಚಿಗುರಿನ ತಂಬುಳಿ, ಶಾಲೆಯ ದಾರಿಯಲ್ಲಿ ಬಾಯಿ ಕೆಂಪಾಗುವಂತೆ ತಿಂದ ಹಣ್ಣು, ಇವೆಲ್ಲ ಆ ಗಿಡದೊಂದಿಗೇ ಹೋಗುತ್ತವೆ. ಮನೆ ಕಟ್ಟುವವರು ನಾಲ್ಕು ಬುಡವನ್ನಾದರೂ ಉಳಿಸಿಕೊಳ್ಳಿರಿ. ಆಗದಿದ್ದರೆ ಮಳೆಗಾಲದಲ್ಲಿ ಅರೆಬಲಿತ ಗೇಣುದ್ದದ ಕಡ್ಡಿಗಳನ್ನು ನೆರಳಲ್ಲಿ ಊರಿರಿ. ಒಂದೆರಡು ತಿಂಗಳಲ್ಲಿ ಬೇರು ಬಿಡುತ್ತವೆ.

ಹಿಂದಿನ ಬೆಂಚಿನ ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಇದು ಅವನ ಕಣ್ಣಿಗೆ ಬಿದ್ದರೆ ಒಂದು ಮಾತು: ಅಂದು ನಿನ್ನ ಪ್ರಶ್ನೆ ಸರಿಯಾಗಿತ್ತು ಮಗೂ, ತಪ್ಪಿದ್ದು ಉತ್ತರ. ನಿನ್ನ ಮಕ್ಕಳು ಏನಾದರೂ ಕೇಳಿದರೆ ನಗಬೇಡ. ಗಿಡದ ಬಳಿಗೆ ಕರೆದುಕೊಂಡು ಹೋಗಿ ತೋರಿಸು.